ಮೇಷ್ಟ್ರು ಸುಧಾರಿಸಿಕೊಳ್ಳಲಿ, ತರಗತಿಗೆ ಬದಲಿ ಮಿಸ್ ಇದ್ದಾರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯಲ್ಲಿ ಚಹಾದ ನೀರು ಕುದಿಯುತ್ತಿದೆ. ಕಟ್ಟೆಯ ಮೇಲಿಟ್ಟ ಫೋನು ಗುಂಯ್‌ಗುಟ್ಟಿದ ಕೂಡಲೇ ಆಕೆ ಒಲೆ ಸಣ್ಣಗೆ ಮಾಡಿ, ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡು ಎತ್ತಿಕೊಳ್ಳುತ್ತಾರೆ. ಆ ಕಡೆಯಿಂದ ಬರುವುದು ಬರೀ ಪಿಸುಮಾತು. ಫೋನು ಮಾಡಿದವರು ಒಬ್ಬ ಭಾಷಾ ಶಿಕ್ಷಕಿ. ಮನೆಯವರಿಗೆ ಕೇಳಿಸಬಾರದೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಾರೆ.

“ಮಿಸ್, ಇವತ್ತು ನನ್ನ ಕೈಲಾಗಲ್ಲ. ಬ್ಯಾಗ್ ಹಾಕ್ಕೊಂಡು ಬಾಗಿಲ ತನಕ ಹೋದೆ. ಹೊಸಿಲು ದಾಟೋಕೆ ಕಾಲೇ ಬರ್ತಿಲ್ಲ.”

ಏನಾಯಿತು, ಯಾಕಾಯಿತು ಎಂದು ಆಕೆ ಕೇಳುವುದಿಲ್ಲ. “ಯಾವ ಕ್ಲಾಸು? ಎಲ್ಲೀ ತನಕ ಆಗಿದೆ?” ಅಂತಷ್ಟೇ ಕೇಳುತ್ತಾರೆ. ಉತ್ತರ ಕೇಳಿಸಿಕೊಂಡು, “ಎಂಟನೇ ಕ್ಲಾಸು, ಪದ್ಯ. ಆಯ್ತು. ಪಾಠದ ಚಿಂತೆ ನನಗೆ ಬಿಡಿ. ಮೊದಲು ಆ ನಲ್ಲಿ ನಿಲ್ಸಿ. ಮುಖ ತೊಳ್ಕೊಂಡು ಹೊರಗೆ ಬನ್ನಿ, ಒಬ್ಬರೇ ಕೂರಬೇಡಿ. ಮನೇಲಿ ಒಬ್ಬರಿಗಾದ್ರೂ ನಿಜ ಹೇಳಿ. ಡಾಕ್ಟರಮ್ಮನ ಹತ್ರ ಇವತ್ತೇ ಹೋಗ್ಬೇಕು, ನಾನೇ ಹೇಳಿಟ್ಟಿರ್ತೀನಿ” ಅನ್ನುತ್ತಾರೆ.

ಫೋನು ಕೆಳಗಿಡುವಷ್ಟರಲ್ಲಿ, ಊಟದ ಮೇಜಿನ ಬಳಿ ಕೂತಿದ್ದ ಆಕೆಯ ಅಕ್ಕ ಗೋಡೆ ಕಪಾಟಿನಿಂದ ಎಂಟನೇ ತರಗತಿಯ ಭಾಷಾ ಪುಸ್ತಕವನ್ನು ತೆಗೆದಿಟ್ಟಾಗಿದೆ.

ಶಾಲೆಗಳಲ್ಲಿ ಎಲ್ಲರ ಬಾಯಲ್ಲೂ ಈಕೆ ‘ಬದಲಿ ಮಿಸ್’. ಶಿಕ್ಷಕರು ಹಾಸಿಗೆ ಹಿಡಿದಾಗ ಬಂದು ಪಾಠ ಮಾಡುವ ಬದಲಿ ಶಿಕ್ಷಕರು ಬೇಕಾದಷ್ಟು ಜನ ಇದ್ದಾರೆ. ಆದರೆ ಈಕೆ ಹುಡುಕಿಕೊಂಡು ಹೋಗುವುದು, ಮೈ ನೆಟ್ಟಗಿದ್ದೂ ಮನಸ್ಸು ಸೋತು ಕೂತವರ ತರಗತಿಗೆ. ಊರಿನ ಹತ್ತಾರು ಶಾಲೆ, ಎರಡು ಮೂರು ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ಈಕೆಯ ನಂಬರು ಬಾಯಿಂದ ಬಾಯಿಗೆ ಹರಿದಿದೆ. ನೋಟಿಸ್ ಬೋರ್ಡಿನ ಮೇಲೆ ಮಾತ್ರ ಎಲ್ಲಿಯೂ ಇಲ್ಲ.

“ಮನಸ್ಸು ಸರಿ ಇಲ್ಲ ಅಂತ ರಜಾ ಚೀಟಿ ಬರೆದ ಮೇಷ್ಟ್ರನ್ನ ನೀವು ನೋಡಿದೀರಾ?” ಶಾಲೆಗೆ ಹೋಗುವ ಬಸ್ಸಿನಲ್ಲಿ, ಅವರ ಬಗ್ಗೆ ಬರೆಯಲೆಂದು ಪಕ್ಕ ಕೂತ ನನ್ನನ್ನು ಆಕೆ ಕೇಳುತ್ತಾರೆ. “ಎಲ್ಲರಿಗೂ ಜ್ವರಾನೇ. ವರ್ಷಪೂರ್ತಿ ಜ್ವರ. ಇಷ್ಟೊಂದು ಜ್ವರ ಬರೋ ನೌಕರಿ ಇನ್ನೊಂದಿಲ್ಲ ಬಿಡಿ.” ನಕ್ಕು, ಮತ್ತೆ ಪುಸ್ತಕದೊಳಗೆ ತಲೆ ಹುದುಗಿಸುತ್ತಾರೆ. ಇಳಿಯುವ ಹೊತ್ತಿಗೆ ಪದ್ಯ ಒಂದು ಸುತ್ತು ಓದಿಯಾಗಿರಬೇಕು.

ಎಂಟನೇ ತರಗತಿಯ ಕೋಣೆ ಮೊದಲ ಮಹಡಿಯಲ್ಲಿದೆ. ಬದಲಿ ಶಿಕ್ಷಕಿಯನ್ನು ಕಂಡ ಕೂಡಲೇ ಮಕ್ಕಳಿಗೆ ರೆಕ್ಕೆ ಮೂಡುತ್ತದೆ. ಹಿಂದಿನ ಬೆಂಚಿನವರು ಆಗಲೇ ಜಾಗ ಬದಲಾಯಿಸಿಕೊಂಡು, ಹೆಸರನ್ನೂ ಬದಲಾಯಿಸಿಕೊಳ್ಳುವ ತಯಾರಿಯಲ್ಲಿದ್ದಾರೆ. ಆಕೆ ಹಾಜರಿ ಕರೆಯುವ ಗೋಜಿಗೇ ಹೋಗುವುದಿಲ್ಲ.

“ನಿಮ್ಮ ಮಿಸ್ ಪದ್ಯ ಹೇಗೆ ಶುರು ಮಾಡ್ತಾರೆ? ಮೊದಲು ಓದ್ತಾರಾ, ಕಥೆ ಹೇಳ್ತಾರಾ?”

“ಹಾಡ್ತಾರೆ!” ಎಂದು ಒಬ್ಬಳು ಕೂಗುತ್ತಾಳೆ.

“ಅಯ್ಯೋ, ನನ್ನ ಗಂಟಲು ಕೇಳಿದ್ರೆ ಪಕ್ಕದ ಕ್ಲಾಸಿನವರೂ ಮನೆಗೆ ಓಡಿಹೋಗ್ತಾರೆ. ನೀವೇ ಹಾಡಿ. ನಿಮ್ಮ ಮಿಸ್ ಹೇಳಿಕೊಟ್ಟ ಹಾಗೇ ಇರಬೇಕು.”

ತರಗತಿ ನಗುತ್ತದೆ, ಆಮೇಲೆ ಹಾಡುತ್ತದೆ. “ನಮ್ಮ ಮಿಸ್‌ಗೆ ಏನಾಗಿದೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. “ಹುಷಾರಿಲ್ಲ. ಸುಧಾರಿಸಿಕೊಂಡು ಬರ್ತಾರೆ” ಎನ್ನುವುದು ಆಕೆಯ ಸಿದ್ಧ ಉತ್ತರ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುವುದಿಲ್ಲ. ಪಾಠವನ್ನು ತಮ್ಮದೇ ಶೈಲಿಗೆ ತಿರುಗಿಸಿಕೊಳ್ಳುವುದೂ ಇಲ್ಲ. “ನಾನು ಚೆನ್ನಾಗಿ ಮಾಡಿ ಹೆಸರು ತಗೊಂಡ್ರೆ, ಅವರು ವಾಪಸ್ ಬರೋ ದಾರಿಗೆ ನಾನೇ ಕಲ್ಲು ಹಾಕಿದ ಹಾಗೆ” ಎಂದು ಕಾರಿಡಾರಿನಲ್ಲಿ ನಡೆಯುತ್ತಾ ವಿವರಿಸುತ್ತಾರೆ.

ಈ ಹಾದಿಗೆ ಆಕೆಯನ್ನು ತಂದದ್ದು ಅಕ್ಕನ ಬದುಕು. ಅಕ್ಕ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದರು. ತಂಗಿಯಾದ ಈಕೆ ಆಗ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು ವರ್ಷ ಅಕ್ಕನ ವಿಭಾಗದಲ್ಲಿ ಇಬ್ಬರು ಕೆಲಸ ಬಿಟ್ಟರು. ಅವರ ಪಾಠ, ಪ್ರಯೋಗಾಲಯ, ಮೌಲ್ಯಮಾಪನ ಎಲ್ಲವೂ ಅಕ್ಕನ ಹೆಗಲಿಗೆ ಬಂತು. ಆಕೆ ನಿದ್ದೆ ಕಳೆದುಕೊಂಡರು, ಊಟ ಬಿಟ್ಟರು, ಆದರೂ ರಜೆ ಹಾಕಲಿಲ್ಲ. ತರಗತಿಗೆ ಹೋಗಲು ಇನ್ನೊಬ್ಬರಿರಲಿಲ್ಲ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಅರ್ಧ ಸಮೀಕರಣ ಬರೆದವರು ಹಾಗೆಯೇ ನಿಂತುಬಿಟ್ಟರು. ಮುಂದಿನದು ನೆನಪಾಗಲಿಲ್ಲ, ತಿರುಗಿ ನೋಡಲೂ ಆಗಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಇನ್ಯಾರೋ ಫೋನಿನಲ್ಲಿ ವಿಡಿಯೋ ಮಾಡಿದರು. ಸಂಜೆಯೊಳಗೆ ಅದು ಕಾಲೇಜಿನ ಎಲ್ಲರ ಕೈಯಲ್ಲಿತ್ತು.

“ಅವತ್ತು ಮನೆಗೆ ಬಂದ ಅಕ್ಕ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ” ಎನ್ನುತ್ತಾರೆ ಬದಲಿ ಮಿಸ್. “ಅಷ್ಟು ವರ್ಷ ದುಡಿದ ಕಡೆಯಿಂದ ಒಂದು ನರಪಿಳ್ಳೆಯೂ ನೋಡೋಕೆ ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಒಂದು ವಿಷಯ ತಲೆ ಕೊರೀತಾ ಇತ್ತು. ಆ ವರ್ಷ ಒಂದು ತಿಂಗಳು ಯಾರಾದ್ರೂ ಒಬ್ಬರು ಅವಳ ಕ್ಲಾಸ್ ತಗೊಂಡಿದ್ರೆ ಸಾಕಾಗಿತ್ತು. ಒಬ್ಬರೇ ಒಬ್ಬರು.”

ಆ ಒಬ್ಬರು ತಾವೇ ಆಗಬೇಕೆಂದು ಆಕೆ ಹಟ ಹಿಡಿದರು. ಕಾಯಂ ನೌಕರಿ ಬಿಟ್ಟರು. ಕನ್ನಡಕದ ಅಂಗಡಿ ಇಟ್ಟಿರುವ ಗಂಡ ಮೊದಲು ಗಾಬರಿಯಾದದ್ದು ನಿಜ. “ಇವಳಿಗೆ ಬೇಡ ಅಂದ್ರೆ ಇನ್ನೂ ಎರಡು ಹೆಜ್ಜೆ ಮುಂದೆ ಹೋಗ್ತಾಳೆ, ಅದಕ್ಕೇ ಹೂಂ ಅಂದ್ಬಿಟ್ಟೆ” ಎಂದು ಅವರು ಮಸೂರ ಒರೆಸುತ್ತಲೇ ಹೇಳುತ್ತಾರೆ. ಬೆನ್ನಿಗೆ ನಿವೃತ್ತ ಶಿಕ್ಷಕರ ಸಣ್ಣದೊಂದು ಗುಂಪು ಕೂಡಿಕೊಂಡಿತು. ಕೆಲವು ಶಾಲೆಗಳು ಸಂಭಾವನೆ ಕೊಡುತ್ತವೆ, ಕೆಲವು ಧನ್ಯವಾದವನ್ನೂ ಕೊಡುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಗುಂಪಿನವರೆಲ್ಲ ಬೆಳಗಿನಿಂದ ಸಂಜೆಯವರೆಗೆ ಯಾವುದೋ ಒಂದು ತರಗತಿಯಲ್ಲಿರುತ್ತಾರೆ. ಅಷ್ಟಾದರೂ ಕರೆ ಮಾಡಿದವರಲ್ಲಿ ಅರ್ಧದಷ್ಟು ಜನರಿಗೆ ‘ಇವತ್ತು ಆಗಲ್ಲ’ ಎನ್ನಬೇಕಾಗುತ್ತದೆ.

ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆಗೆ ಈ ಗುಂಪಿನ ಬೆಲೆ ಚೆನ್ನಾಗಿ ಗೊತ್ತು. “ಔಷಧಿ ನಾನು ಬರೀಬಹುದು. ಮಾತಾಡೋಕೆ ಆಪ್ತಸಮಾಲೋಚಕರನ್ನ ಕೊಡಬಹುದು. ಆದ್ರೆ ನನ್ನ ಎದುರು ಕೂತ ಶಿಕ್ಷಕರು ‘ಮೂರನೇ ಪೀರಿಯಡ್‌ಗೆ ವಾಪಸ್ ಹೋಗ್ಬೇಕು’ ಅಂತ ಗಡಿಯಾರ ನೋಡ್ತಾ ಇದ್ರೆ ನಾನು ಏನು ಮಾಡಲಿ? ಆ ಪೀರಿಯಡ್ಡನ್ನ ಎತ್ತಿಕೊಳ್ಳೋದು ಆಕೆ.”

ಎತ್ತಿಕೊಳ್ಳಲು ಬಿಟ್ಟರೆ ತಾನೇ? ಒಂದು ಪ್ರೌಢಶಾಲೆಯಲ್ಲಿ ನಡೆದದ್ದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಲೆಕ್ಕದ ಮೇಷ್ಟ್ರು ಒಬ್ಬರು ಹತ್ತನೇ ತರಗತಿಯ ಎರಡು ವಿಭಾಗಗಳನ್ನು ಸೇರಿಸಿ ಒಟ್ಟಿಗೆ ಪಾಠ ಮಾಡುತ್ತಿದ್ದರು. ಸಂಜೆ ಆಯಿತೆಂದರೆ ಪೋಷಕರ ಫೋನುಗಳು, ಫಲಿತಾಂಶ ಇಳಿದೀತೆಂಬ ಎಚ್ಚರಿಕೆಗಳು. ಒಂದು ಬೆಳಿಗ್ಗೆ ಅವರು ತರಗತಿಗೆ ಹೋಗದೆ ಸೈಕಲ್ ನಿಲ್ಲಿಸುವ ಶೆಡ್ಡಿನ ಹಿಂದೆ ಮುದುಡಿ ಕೂತಿದ್ದರು. ಅವರನ್ನು ನೋಡಿದ ಕಾವಲುಗಾರ ಗದರಲಿಲ್ಲ, ಪ್ರಶ್ನೆ ಕೇಳಲಿಲ್ಲ. ತಾನೂ ಪಕ್ಕದಲ್ಲಿ ಕೂತು ಬದಲಿ ಮಿಸ್‌ಗೆ ಫೋನು ಹಚ್ಚಿದ.

ಮೇಷ್ಟ್ರನ್ನು ಅವರ ತಮ್ಮನ ಜೊತೆ ಆಸ್ಪತ್ರೆಗೆ ಕಳಿಸಿ ಆಕೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋದರು. ಸಮಯಕ್ಕೆ ಸರಿಯಾಗಿ ಗೇಟಿನಲ್ಲಿ ನಿಲ್ಲುವ ಅವರಿಗೆ ಮಕ್ಕಳಿಟ್ಟ ಹೆಸರು ‘ಗಂಟೆ ಸರ್’.

“ಒತ್ತಡ ಯಾರಿಗಿಲ್ಲ ಮೇಡಂ? ನನಗಿಲ್ವಾ?” ಎಂದರಂತೆ ಗಂಟೆ ಸರ್.

“ಇದೆ ಸರ್. ನಿಮ್ಮ ಮುಖದಲ್ಲೇ ಕಾಣ್ತಿದೆ.”

“ಇವತ್ತು ಒಬ್ಬರಿಗೆ ಬಿಟ್ರೆ ನಾಳೆ ಸ್ಟಾಫ್ ರೂಮೇ ಖಾಲಿಯಾಗುತ್ತೆ.”

“ಬಿಡದೇ ಇದ್ರೂ ಖಾಲಿಯಾಗುತ್ತೆ ಸರ್. ಆಗ ಹೋದವರು ವಾಪಸ್ ಬರಲ್ಲ.”

ಹೊರಗಿನವರನ್ನು ತರಗತಿಗೆ ಬಿಡುವುದಿಲ್ಲ, ಪಾಠಕ್ಕೆ ತಮ್ಮದೇ ವ್ಯವಸ್ಥೆ ಇದೆ ಎಂದು ಗಂಟೆ ಸರ್ ಆಕೆಯನ್ನು ಹೊರಗೆ ಕಳಿಸಿದರು. ಆಕೆ ಮನೆಗೆ ಹೋಗಲಿಲ್ಲ. ಕೋಣೆಯ ಎದುರಿನ ಬೆಂಚಿನ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತರು. ಮರುದಿನವೂ ಬಂದು ಅಲ್ಲೇ ಕೂತರು. ಅದರ ಮರುದಿನ ಹತ್ತನೇ ತರಗತಿಯ ಗಲಾಟೆಗೆ ಗೋಡೆಗಳೇ ಅದುರತೊಡಗಿದವು. ಗಂಟೆ ಸರ್ ಹೊರಬಂದು, ಆಕೆಯ ಮುಖ ನೋಡದೆಯೇ, “ಹೋಗಿ, ಮೊದಲು ಆ ಗದ್ದಲ ನಿಲ್ಸಿ” ಎಂದರು.

ಅಲ್ಲಿಗೆ ಮುಗಿಯಲಿಲ್ಲ. ಕೆಲವು ಪೋಷಕರು ದಂಡು ಕಟ್ಟಿಕೊಂಡು ಬಂದರು. ತಲೆ ಕೆಟ್ಟ ಮೇಷ್ಟ್ರು ಮತ್ತೆ ಬರುವುದೇ ಬೇಡ ಎಂದು ಒಬ್ಬ ತಂದೆ ಪಟ್ಟು ಹಿಡಿದರು. ಆಗ ಬದಲಿ ಮಿಸ್ ದನಿ ಏರಿಸಲಿಲ್ಲ. “ಅವರು ಕಾಲು ಮುರ್ಕೊಂಡಿದ್ರೆ ನೀವು ಹಣ್ಣು ತಗೊಂಡು ನೋಡೋಕೆ ಹೋಗ್ತಿದ್ರಿ. ಹಣ್ಣು ಬೇಡ, ಬಿಡಿ. ವಾಪಸ್ ಬರೋಕೆ ಜಾಗ ಆದ್ರೂ ಉಳಿಸಿ. ಅಲ್ಲೀ ತನಕ ನಿಮ್ಮ ಮಕ್ಕಳ ಲೆಕ್ಕ ಹಿಂದೆ ಬಿದ್ರೆ ನನ್ನನ್ನ ಕೇಳಿ” ಎಂದರು. ಅಂದಿನಿಂದ ಶಾಲೆ ಬಿಟ್ಟ ಮೇಲೂ ಕೂತು, ಹಿಂದುಳಿದ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು.

ಕೆಲವು ವಾರಗಳ ನಂತರ ಲೆಕ್ಕದ ಮೇಷ್ಟ್ರು ಮರಳಿದರು. ಅಷ್ಟರೊಳಗೆ ಬದಲಿ ಮಿಸ್ ಗಂಟೆ ಸರ್ ಬೆನ್ನು ಬಿದ್ದು, ಆರಂಭದ ದಿನಗಳಲ್ಲಿ ದಿನಕ್ಕೆರಡೇ ಪೀರಿಯಡ್ಡು, ವಿಭಾಗಗಳು ಬೇರೆ ಬೇರೆ, ಸಂಜೆಯ ಮೇಲೆ ಪೋಷಕರ ಫೋನು ಇಲ್ಲ ಎಂದು ಒಪ್ಪಿಸಿದ್ದರು. ಮೊದಲ ದಿನ ಆಕೆ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕೂತಿದ್ದರು. ಮೇಷ್ಟ್ರು ಮೊದಲ ಲೆಕ್ಕವನ್ನೇ ತಪ್ಪಾಗಿ ಬರೆದು, ಅಳಿಸಿ, ಮತ್ತೆ ಬರೆದರು. ಯಾರೂ ನಗಲಿಲ್ಲ. ಅರ್ಧ ಪಾಠವಾಗುವಷ್ಟರಲ್ಲಿ ಆಕೆ ಸದ್ದಿಲ್ಲದೆ ಎದ್ದು ಹೊರಬಂದರು.

“ಧೈರ್ಯ ತಗೋಳಿ ಅಂತ ಹೇಳೋರು ಸಾಕಷ್ಟು ಜನ ಇದ್ರು” ಎನ್ನುತ್ತಾರೆ ಲೆಕ್ಕದ ಮೇಷ್ಟ್ರು. “ಧೈರ್ಯ ಎಲ್ಲಿಂದ ತರೋದು, ಅಂಗಡೀಲಿ ಸಿಗುತ್ತಾ? ನನ್ನ ಮಕ್ಕಳು ಯಾರೂ ಇಲ್ಲದೆ ಕೂತಿಲ್ಲ ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬಂತು.”

ಗಂಟೆ ಸರ್ ಈಗಲೂ ಗೇಟಿನಲ್ಲಿ ನಿಲ್ಲುತ್ತಾರೆ. ಬದಲಾದದ್ದೇನು ಎಂದು ಕೇಳಿದರೆ ಸ್ವಲ್ಪ ಮುಜುಗರಪಟ್ಟುಕೊಂಡೇ ಉತ್ತರಿಸುತ್ತಾರೆ. “ನಮ್ಮಲ್ಲಿ ಯಾರಾದ್ರೂ ಆಗಲ್ಲ ಅಂದ್ರೆ ಮೊದಲು ಕ್ಲಾಸಿಗೆ ಹೋಗೋದು ನಾನೇ. ನನ್ನ ಕೈ ಮೀರಿದ್ರೆ ಆಕೆಗೆ ಫೋನ್ ಮಾಡ್ತೀನಿ. ಜ್ವರ ಅಂತ ಬರೀಬೇಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿ ಅಂತ ಎಲ್ಲರಿಗೂ ಹೇಳಿದೀನಿ.”

ಎಲ್ಲರೂ ಮರಳುತ್ತಾರೆಂದಲ್ಲ. ವಿಜ್ಞಾನ ಶಿಕ್ಷಕಿಯೊಬ್ಬರು ರಜೆ ಮುಗಿಯುವ ಮುನ್ನವೇ ರಾಜೀನಾಮೆ ಕೊಟ್ಟರು. ಈಗ ಗಿಡಗಳ ನರ್ಸರಿ ನಡೆಸುತ್ತಾರೆ. ಅವರಿಗಾಗಿ ತಿಂಗಳುಗಟ್ಟಲೆ ತರಗತಿ ಕಾದಿಟ್ಟದ್ದು ವ್ಯರ್ಥವಾಯಿತೇ ಎಂದರೆ ಬದಲಿ ಮಿಸ್ ಹುಬ್ಬು ಗಂಟಿಕ್ಕುತ್ತಾರೆ. “ವ್ಯರ್ಥ ಹೇಗಾಗುತ್ತೆ? ಅವರು ಓಡಿಹೋಗಲಿಲ್ಲ. ಯೋಚನೆ ಮಾಡಿ, ತಲೆ ಎತ್ತಿಕೊಂಡು ಹೋದ್ರು. ನಮ್ಮಕ್ಕನಿಗೆ ಅಷ್ಟೂ ಸಿಗಲಿಲ್ಲ.”

ಅಕ್ಕ ಇಂದಿಗೂ ತರಗತಿಗೆ ಹೋಗಿಲ್ಲ. ಹೋಗಬೇಕೆಂದು ತಂಗಿ ಒತ್ತಾಯಿಸಿದ್ದೂ ಇಲ್ಲ. ಆದರೆ ಯಾವ ವಿಷಯದ ಕರೆ ಬಂದರೂ ಪಾಠವನ್ನು ಓದಿ, ಮುಖ್ಯವಾದದ್ದಕ್ಕೆ ಗುರುತು ಹಾಕಿಕೊಡುವವರು ಅಕ್ಕನೇ. ಈಚೆಗೆ ಒಂದು ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋಗಿದ್ದಾಗ ಫೋನು ಬಡಿದುಕೊಂಡಿತು. ಅಪರಿಚಿತರ ಜೊತೆ ಮಾತೇ ಆಡದ ಅಕ್ಕ, ಅದು ನಿಂತು ಮತ್ತೆ ಬಡಿದುಕೊಂಡಾಗ ಎತ್ತಿಕೊಂಡರು. ಆ ಕಡೆ ಒಬ್ಬ ಯುವ ಉಪನ್ಯಾಸಕ. ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ನಾನು ಬಾಗಿಲು ತೆಗೆದು ನೋಡ್ತೀನಿ, ಅಕ್ಕ ಗೋಡೆಗೆ ಒರಗಿ ನಿಂತಿದಾಳೆ” ಎಂದು ಬದಲಿ ಮಿಸ್ ನೆನೆಯುತ್ತಾರೆ. “‘ನಾನೂ ಒಂದು ದಿನ ಬೋರ್ಡಿನ ಮುಂದೆ ಹಾಗೇ ನಿಂತುಬಿಟ್ಟಿದ್ದೆ ಕಣಪ್ಪಾ. ಅಳು, ಪರವಾಗಿಲ್ಲ. ನಾನು ಫೋನ್ ಇಡಲ್ಲ’ ಅಂತಿದ್ಲು. ಆವತ್ತಿನ ವಿಷಯ ನನಗೆ ವಿಡಿಯೋದಿಂದ ಗೊತ್ತಾಗಿತ್ತಷ್ಟೇ, ಅವಳು ನನ್ನ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ. ನಾನು ತಲೆ ಒರೆಸಿಕೊಳ್ಳೋದನ್ನೂ ಮರೆತು ನಿಂತುಬಿಟ್ಟೆ.” ಈಗ ವಾರದಲ್ಲಿ ಕೆಲವು ಬೆಳಿಗ್ಗೆ ಫೋನು ಅಕ್ಕನ ಕೈಯಲ್ಲೇ ಇರುತ್ತದೆ.

ನಿಮಗೇ ಸಾಕಾದರೆ ಯಾರು ಬದಲಿ ಎಂದು ಕೇಳುತ್ತೇನೆ. “ಸಾಕಾಗುತ್ತೆ. ಆಗ ನಾನೂ ರಜೆ ಹಾಕ್ತೀನಿ. ಫೋನ್ ಆಫ್ ಮಾಡಿ, ನಮ್ಮನೆಯವರ ಅಂಗಡೀಲಿ ಕೂತು ಜನರಿಗೆ ಕನ್ನಡಕ ತೋರಿಸ್ತೀನಿ. ಊರಿಗೆಲ್ಲಾ ರಜಾ ಹಾಕಿ ಅಂತ ಹೇಳಿ ನಾನೇ ಹಾಕದೇ ಇದ್ರೆ ಹೇಗೆ?” ಪ್ರತಿ ಶಾಲೆಯಲ್ಲೂ ಬದಲಿಗೆಂದೇ ಒಬ್ಬ ಕಾಯಂ ಶಿಕ್ಷಕರಿರಬೇಕು ಎಂದು ಆಕೆ ಇಲಾಖೆಯ ಬಾಗಿಲು ತಟ್ಟುತ್ತಲೇ ಇದ್ದಾರೆ. ಉತ್ತರ ಬಂದಿಲ್ಲ. ಮುಂದಿನ ತಿಂಗಳು ಮತ್ತೆ ಹೋಗುತ್ತಾರಂತೆ.

ಸಂಜೆ ಶಾಲೆ ಬಿಟ್ಟ ಹೊತ್ತಿಗೆ ನಾವು ಬಸ್ ನಿಲ್ದಾಣದಲ್ಲಿ ನಿಂತಿದ್ದೇವೆ. ಎದುರಿನಿಂದ ಹುಡುಗಿಯರ ಗುಂಪೊಂದು ಬರುತ್ತಿದೆ. ಕಳೆದ ವರ್ಷ ಅವರ ಇತಿಹಾಸದ ಮೇಷ್ಟ್ರು ರಜೆಯಲ್ಲಿದ್ದಾಗ ಆ ತರಗತಿಗೆ ದಿನವೂ ಹೋಗಿ ಪಾಠ ಮಾಡಿದ್ದು ಈಕೆಯೇ. ಹುಡುಗಿಯರು ತಮ್ಮ ಸರ್ ಇವತ್ತು ತರಗತಿಯಲ್ಲಿ ಯಾವುದೋ ರಾಜನ ಗತ್ತನ್ನು ಅಭಿನಯಿಸಿದ್ದನ್ನು ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಾ, ಬಿದ್ದು ಬಿದ್ದು ನಗುತ್ತಾ, ಈಕೆಯ ಭುಜಕ್ಕೆ ತಾಗಿಕೊಂಡೇ ಮುಂದೆ ಹೋಗುತ್ತಾರೆ. ಒಬ್ಬಳೂ ಗುರುತು ಹಿಡಿಯುವುದಿಲ್ಲ.

ನನಗೆ ಪಿಚ್ಚೆನಿಸುತ್ತದೆ. ಆಕೆಯ ಮುಖ ಮಾತ್ರ ಅರಳಿದೆ.

“ಕೇಳಿಸ್ಕೊಂಡ್ರಾ? ಬಾಯಿ ತುಂಬಾ ಅವರ ಸರ್ ಸುದ್ದೀನೇ” ಎನ್ನುತ್ತಾ ಆಕೆ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ. “ನನ್ನನ್ನ ಮರೆತಿದಾರೆ. ಅಂದ್ರೆ ಕೆಲಸ ಸರಿಯಾಗಿ ಆಗಿದೆ.”