ಕೆಂಚಪ್ಪನ ಕೈಗೆ ಬಗ್ಗದ ಉಪ್ಸಾರು

ಕೆಂಚಪ್ಪ ರಾಜಾಜಿನಗರದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆಯವನು. ದಿನಾ ನಾನೂರು ಜನಕ್ಕೆ ಅನ್ನ, ಸಾಂಬಾರು, ಪಲ್ಯ. ಉಪ್ಪನ್ನು ಬೊಗಸೆಯಲ್ಲಿ ಎತ್ತಿ ಕೊಪ್ಪರಿಗೆಗೆ ಸುರಿದನೆಂದರೆ ಮುಗಿಯಿತು, ರುಚಿ ನೋಡುವ ಪದ್ಧತಿಯೇ ಇರಲಿಲ್ಲ. ಯೂನಿಯನ್ನಿನವರು ಬೋನಸ್ಸಿಗೆ ಗಲಾಟೆ ಮಾಡಿದ್ದರು, ಕಕ್ಕಸಿನ ಬಾಗಿಲಿಗೆ ಗಲಾಟೆ ಮಾಡಿದ್ದರು, ಸಾಂಬಾರಿನ ವಿಷಯಕ್ಕೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಆ ಸಾಂಬಾರನ್ನು ಅವನು ಮಾತ್ರ ಮುಟ್ಟುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಕಾಮಾಕ್ಷಿಪಾಳ್ಯದ ಎರಡು ಕೋಣೆಯ ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತರೆ ಅವನಿಗೆ ಬೇಕಾದದ್ದು ಒಂದೇ. ಬಿಸಿ ಮುದ್ದೆ, ದಂಟಿನ ಸೊಪ್ಪು ಅಲಸಂದೆ ಕಾಳು ಬೇಯಿಸಿ ಬಸಿದ ಉಪ್ಸಾರು, ತಟ್ಟೆಯ ಅಂಚಿಗೆ ಒರಳಲ್ಲಿ ಅರೆದ ಬೆಳ್ಳುಳ್ಳಿ ಮೆಣಸಿನಕಾಯಿ ಖಾರ. ಹೆಂಡತಿ ನೀಲಮ್ಮ ಅದನ್ನು ಮಾಡುವಾಗ ಅವನು ಒಲೆಯ ಕಡೆ ತಿರುಗಿಯೂ ನೋಡಿದವನಲ್ಲ.

ಎಂಬತ್ನಾಲ್ಕರ ಶ್ರಾವಣದಲ್ಲಿ ನೀಲಮ್ಮ ಬೀದಿ ನಲ್ಲಿಯ ಪಾಚಿಯ ಮೇಲೆ ಜಾರಿ ಕೊಡದ ಸಮೇತ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಸಿಮೆಂಟ್ ಪಟ್ಟಿ ಬಿಚ್ಚುವ ಹಾಗಿಲ್ಲ ಅಂದರು ಡಾಕ್ಟರು. ಕೆಂಚಪ್ಪನ ತಾಯಿ ಮುನಿತಾಯಮ್ಮನಿಗೆ ಎಪ್ಪತ್ತು ದಾಟಿ ಕಣ್ಣು ಮಂಜಾಗಿತ್ತು, ಒಲೆಯ ಹತ್ತಿರ ಬಿಡುವಂತಿರಲಿಲ್ಲ.

"ಅದಕ್ಯಾಕೆ ಯೋಚನೆ?" ಅಂದ ಕೆಂಚಪ್ಪ. "ನಾನೂರು ಜನಕ್ಕೆ ಬಡಿಸೋನಿಗೆ ಮೂರು ಜನ ಒಂದು ಲೆಕ್ಕಾನಾ?"

ಮೊದಲ ದಿನ, ತುಂಬಾ ಕಮ್ಮಿ ಮಾಡಿದೆ ಅಂದುಕೊಂಡೇ ಒಂದು ಹಿಡಿ ಉಪ್ಪು ಹಾಕಿದ. ಮುನಿತಾಯಮ್ಮ ಮುದ್ದೆಯ ತುತ್ತನ್ನು ಅದ್ದಿ ಬಾಯಿಗಿಟ್ಟವಳು ಹಾಗೇ ಅಂಗೈಗೆ ಉಗಿದಳು.

"ಕೆಂಚ, ಸಮುದ್ರ ಮೊಗಕೊಂಡ್ ಬಂದ್ಯೇನ್ಲಾ?"

ಮಾರನೆಯ ದಿನ ಹೆದರಿ ಚಿಟಿಕೆ ಹಾಕಿದ. ಅದು ಬರೀ ಸೊಪ್ಪು ತೊಳೆದ ನೀರು. ಮುದ್ದೆಯ ಕಥೆ ಇನ್ನೂ ಕೆಟ್ಟದ್ದು. ಕ್ಯಾಂಟೀನಿನಲ್ಲಿ ಮುದ್ದೆ ಮಾಡುವ ರೂಢಿ ಇರಲಿಲ್ಲ. ಎಸರು ಕುದಿಯುವ ಮೊದಲೇ ಹಿಟ್ಟು ಸುರಿದು, ಸಾಂಬಾರು ತಿರುವುವ ಹಾಗೆ ಕೋಲು ತಿರುವಿದ. ಒಡೆದರೆ ಒಳಗೆಲ್ಲ ಒಣ ಹಿಟ್ಟಿನ ಗಂಟು. ಮುನಿತಾಯಮ್ಮ ಗಂಟುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಪಕ್ಕ ಸಾಲಾಗಿ ಇಟ್ಟಳು. ಅವಳು ಬೈದಿದ್ದರೂ ಅವನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಐದನೆಯ ದಿನ ಅವನು ಕಾರ್ಖಾನೆಯ ಗುಮಾಸ್ತ ಚಕ್ರಪಾಣಿಯ ಹತ್ತಿರ ಹೋದ. "ಸಾರ್, ನಾನೂರು ಜನಕ್ಕೆ ಇಷ್ಟು ಉಪ್ಪಾದ್ರೆ ಮೂರು ಜನಕ್ಕೆ ಎಷ್ಟು ಬರುತ್ತೆ, ಒಂಚೂರು ನೋಡಿ ಹೇಳ್ತೀರಾ?"

ಚಕ್ರಪಾಣಿ ಕಾಗದದ ಮೇಲೆ ಭಾಗಿಸಿ ಗುಣಿಸಿ ನಾಲ್ಕು ಚಮಚ ಅಂತ ಬರೆದುಕೊಟ್ಟ. ಯಾವ ಚಮಚ ಅಂತ ಇವನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಆವತ್ತಿನ ಉಪ್ಸಾರನ್ನು ಬೀದಿ ನಾಯಿ ಕೂಡ ಮೂಸಿ ನೋಡಿ ಹೋಯಿತು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಚಕ್ರಪಾಣಿಯ ಬಾಯಿಂದ ವಿಷಯ ಇಡೀ ಕ್ಯಾಂಟೀನಿಗೆ ಗೊತ್ತಾಗಿ, ತಟ್ಟೆ ಹಿಡಿದು ನಿಂತವರೆಲ್ಲ "ಏನ್ ಕೆಂಚಪ್ಪಣ್ಣ, ಇವತ್ತು ಮನೇಲಿ ಸಮುದ್ರಾನಾ, ಕೆರೇನಾ?" ಅಂತ ಕೇಳುವವರೇ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಒಬ್ಬನ ತಟ್ಟೆಗೆ ಸೌಟು ಕುಕ್ಕಿ ಬಡಿಸಿದ. ಸಾಂಬಾರು ಆತನ ಅಂಗಿಯ ಮೇಲೆಲ್ಲ ಸಿಡಿಯಿತು.

ಆ ಸಂಜೆ ಮನೆಗೆ ಬಂದರೆ ತಾಯಿ ಚಪ್ಪರಿಸಿಕೊಂಡು ಉಣ್ಣುತ್ತಿದ್ದಳು. ಪಕ್ಕದ ಮನೆಯ ಲಿಂಗಮ್ಮ ಮುದ್ದೆ, ಉಪ್ಸಾರು ತಂದುಕೊಟ್ಟಿದ್ದಳು.

"ಪಾಪ, ಎಷ್ಟು ದಿನ ಅಂತ ಉಪವಾಸ ಇರ್ತೀರಿ ಅಂತ ತಂದೆ ಕಣಣ್ಣ," ಅಂದಳು ಲಿಂಗಮ್ಮ.

'ಉಪವಾಸ' ಅನ್ನುವ ಮಾತು ಅವನಿಗೆ ನಾಟಿತು. ಅವಳು ಹೋದ ಮೇಲೆ ತಟ್ಟೆಯನ್ನು ದೂಡಿ, ಬೆಳಗಿನ ತಂಗಳನ್ನಕ್ಕೆ ಮಜ್ಜಿಗೆ ಹಾಕಿಕೊಂಡ.

"ಊಟದ ಮೇಲೆ ಯಾಕ್ರೀ ಸಿಟ್ಟು?" ಅಂದಳು ನೀಲಮ್ಮ.

"ಇಪ್ಪತ್ತೆರಡು ವರ್ಷ ಅಡುಗೆ ಮಾಡಿದೀನಿ ಕಣೇ! ನಾನೂರು ಜನ..."

"ಆ ನಾನೂರು ಜನ ಇಲ್ಲಿಲ್ಲ. ಇಲ್ಲಿರೋದು ಮೂರು ಜನ." ನೀಲಮ್ಮನಿಗೂ ತಡೆಯಲಾಗಲಿಲ್ಲ. "ಉಪ್ಪು ಎಷ್ಟು ಅಂತ ಆಫೀಸಿನ ಗುಮಾಸ್ತನ್ನ ಹೋಗಿ ಕೇಳಿದ್ರಿ. ನಾನು ಒಲೆ ಪಕ್ಕದಲ್ಲೇ ಕೂತಿದೀನಿ. ಕೈ ಮುರಿದಿರೋದು, ಬಾಯಲ್ಲ. ಒಂದು ದಿನ ನನ್ನ ಕೇಳಿದ್ರಾ?"

ಕೆಂಚಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮಾಗಡಿ ರಸ್ತೆಯ ತನಕ ನಡೆದು, ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು, ಹೊಟ್ಟೆ ಚುರುಗುಟ್ಟಿದಾಗ ವಾಪಸ್ಸು ಬಂದ.

ಮಾರನೆಯ ದಿನ ಸ್ಟವ್ ಹಚ್ಚಿ, ಗೋಡೆಯ ಕಡೆ ನೋಡಿಕೊಂಡು ಕೇಳಿದ. "ಎಷ್ಟು ಹಾಕ್ಲಿ?"

"ಮೂರು ಬೆರಳಲ್ಲಿ ಹಿಡಿಯೋಷ್ಟು. ಎರಡು ಸಲ."

ಹಾಗೇ ಹಾಕಿದ. ಆದರೂ ಉಪ್ಪು ಮುಂದಾಯಿತು. ಅವನ ಮೂರು ಬೆರಳೆಂದರೆ ಅವಳ ಆರು ಬೆರಳಿಗೆ ಸಮ. ನೀಲಮ್ಮ ಮರುದಿನದಿಂದ ಎಡಗೈಯಲ್ಲಿ ತಾನೇ ಉಪ್ಪು ಹಾಕತೊಡಗಿದಳು. ಮುದ್ದೆಗೆ ಮಾತ್ರ ಅವನೇ ಗತಿ. ಎಸರು ಮರಳಲಿ, ಈಗ ಹಿಟ್ಟು, ಈಗ ಮುಚ್ಚಿ, ಈಗ ತಿರುವಿ, ಪಾತ್ರೆ ಅಂಚಿಗೆ ಒತ್ತಿ ಅಂತ ಅವಳು ಹೇಳುವುದು, ನನಗೆ ಗೊತ್ತು ಬಿಡೇ ಅಂತ ಇವನು ಗೊಣಗುವುದು. ಪಾತ್ರೆ ಜಾರದಂತೆ ಕಾಲಲ್ಲಿ ಒತ್ತಿ ಹಿಡಿಯುವಾಗ ಎರಡು ಸಲ ಪಾದ ಸುಟ್ಟುಕೊಂಡ.

ಆರು ವಾರ ಕಳೆದು ಪಟ್ಟಿ ಬಿಚ್ಚಿದರು. ಕೈ ಕೂಡಿತ್ತು, ಆದರೆ ಮಣಿಕಟ್ಟಿನಲ್ಲಿ ಮೊದಲಿನ ಕಸುವಿರಲಿಲ್ಲ. ಕೋಲು ಹಿಡಿದು ಎರಡು ಸುತ್ತು ತಿರುವುವಷ್ಟರಲ್ಲಿ ನೀಲಮ್ಮನ ಕಣ್ಣಲ್ಲಿ ನೀರು ಬಂತು. ಕೆಂಚಪ್ಪ ಕೋಲನ್ನು ಕಿತ್ತುಕೊಂಡ.

"ಸರಿ ಆ ಕಡೆ."

ಆವತ್ತಿನ ಮುದ್ದೆ ನುಣ್ಣಗೆ ಬಂತು. ಮುನಿತಾಯಮ್ಮ ಬೆರಳಲ್ಲಿ ಒತ್ತಿ ಒತ್ತಿ ಗಂಟು ಹುಡುಕಿದಳು, ಸಿಗಲಿಲ್ಲ. ಒಂದು ಮುದ್ದೆ ನುಂಗಿ ಇನ್ನರ್ಧಕ್ಕೆ ತಟ್ಟೆ ಚಾಚಿದಳು. ನೀಲಮ್ಮನೂ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಇಬ್ಬರ ಮುಖವನ್ನೂ ನೋಡಿ ನೋಡಿ ಕೆಂಚಪ್ಪನಿಗೆ ಸಾಕಾಯಿತು.

"ಚೆನ್ನಾಗಿದೆ ಅಂತ ಒಂದು ಮಾತು ಬರಲ್ವಾ ನಿಮ್ಮ ಬಾಯಲ್ಲಿ?"

ನೀಲಮ್ಮ ತುತ್ತು ನುಂಗಿಕೊಂಡಳು. "ಹದಿನೆಂಟು ವರ್ಷ ತಿಂದ್ರಲ್ಲ, ನೀವು ಯಾವತ್ತಾದ್ರೂ ಅಂದಿದ್ರಾ?"

ಮುನಿತಾಯಮ್ಮ ಇನ್ನೊಂದು ಸೌಟು ಸಾರು ಕೇಳಿದಳು. ಕೆಂಚಪ್ಪ ಎದ್ದು ಬಡಿಸಿದ.