ಐವತ್ತೈದರಲ್ಲಿ ಬರುವ ನಡುಕ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಕಂಪನದ ಪಾಠ ನನಗೆ ಬಾಯಿಪಾಠ. ಸ್ಕೇಲಿನ ಒಂದು ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಮೀಟಿ, ಟರ್ರ್ ಎಂದು ಸದ್ದು ಬರಿಸಿ ಮಕ್ಕಳ ಮುಂದೆ ಜಾಣನಾಗುತ್ತಿದ್ದೆ. ಅಂಥವನಿಗೆ, ನಿವೃತ್ತನಾದ ಎರಡನೇ ವರ್ಷದಲ್ಲಿ, ತಾನೇ ಓಡಿಸುವ ಪಿಕಪ್ ಗಾಡಿ ಎಲ್ಲಿಂದ ನಡುಗುತ್ತಿದೆ ಎಂದು ಗೊತ್ತಾಗಲಿಲ್ಲ. ಇದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಓದದಿರಲಿ.

ನಿವೃತ್ತನಾದ ಮೇಲೆ ಗಾಡಿ ಓಡಿಸುವುದೇ ನನ್ನ ಉದ್ಯೋಗ. ನನ್ನ ಹೆಂಡತಿ ಸುನಂದಾ ಬೂದಿಗೆರೆಯ ನಮ್ಮ ಮನೆಯ ಹಿಂದೆ ಚಾಕಿ ಕೇಂದ್ರ ನಡೆಸುತ್ತಾಳೆ. ರೇಷ್ಮೆಹುಳು ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದು. ಅದನ್ನು ಎರಡನೇ ಜ್ವರ ದಾಟುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಎಳೆಸೊಪ್ಪು ಹಾಕಿ ಸಾಕಿ ರೈತರಿಗೆ ಕೊಡುವುದು ಅವಳ ಕೆಲಸ. ಟ್ರೇಗಳಲ್ಲಿಟ್ಟು ಮುಟ್ಟಿಸುವುದು ನನ್ನ ಕೆಲಸ. ಮಳೆ ಬಂದರೆ ಸೊಪ್ಪಿನ ತೋಟದ ದಾರಿಗಳು ಹೂತುಕೊಳ್ಳುತ್ತವೆ, ಫೋರ್ ವೀಲ್ ಗಾಡಿಯೇ ಬೇಕು ಎಂದು ಹಟ ಹಿಡಿದು ಹಳೆಯದೊಂದನ್ನು ಕೊಂಡವನೂ ನಾನೇ. ಸುನಂದಾಗೆ ಸಾಧಾರಣ ಟೆಂಪೋ ಸಾಕಿತ್ತು. ಎತ್ತು ಮುಂದಿನಿಂದ ಎಳೆಯುತ್ತದೆ, ಬಸ್ಸನ್ನು ಹಿಂದಿನ ಗಾಲಿ ತಳ್ಳುತ್ತದೆ, ಇದು ಎರಡನ್ನೂ ಮಾಡುತ್ತದೆ ಎಂದು ನಾನು ಕೊಟ್ಟ ಉಪನ್ಯಾಸವನ್ನು ಅವಳು ಸೊಪ್ಪು ಹೆಚ್ಚುತ್ತಾ ಕೇಳಿಸಿಕೊಂಡಿದ್ದಳು. ಗೃಹಸ್ಥನಿಗೆ ಅಷ್ಟು ಗಮನ ಸಿಕ್ಕರೆ ಪುಣ್ಯ.

ನಡುಕ ಶುರುವಾದದ್ದು ದಸರಾ ಕಳೆದ ಮೇಲೆ. ವೇಗ ಐವತ್ತು ದಾಟುವವರೆಗೆ ಗಾಡಿ ಸಾಧು. ಐವತ್ತೈದಕ್ಕೆ ಬಂದಿತೆಂದರೆ ಕಾಲಡಿಯ ತಗಡು ಜುಮ್ಮೆನ್ನಲು ಶುರು, ಅರವತ್ತಕ್ಕೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ, ಎಪ್ಪತ್ತು ದಾಟಿದರೆ ನಡುಕ ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತದೆ. ಹುಳುವನ್ನು ಹೊತ್ತು ಎಪ್ಪತ್ತರಲ್ಲಿ ಹೋಗುವಂತಿಲ್ಲ. ಐವತ್ತರೊಳಗೆ ಹೋದರೆ ಮುಟ್ಟುವಷ್ಟರಲ್ಲಿ ಬಿಸಿಲೇರಿಬಿಡುತ್ತದೆ, ಎಳೆಹುಳು ತಡೆಯುವುದಿಲ್ಲ.

ನಮ್ಮ ಕಡೆ ಗಾಡಿಯ ಬಾನೆಟ್ ಎತ್ತಿದರೆ ಸಾಕು, ಪಂಚಾಯ್ತಿ ತಾನಾಗಿ ಸೇರುತ್ತದೆ. ಟೀ ಅಂಗಡಿಯ ಮುಂದೆ ನಿಲ್ಲಿಸಿ ಎತ್ತಿದ್ದೇ ತಪ್ಪಾಯಿತು. ಅದೇ ವಾರ ನಾನು ದೇವನಹಳ್ಳಿಯ ದಾರಿಯಲ್ಲಿ ಒಂದು ದೊಡ್ಡ ಗುಂಡಿಗೆ ಗಾಡಿ ಇಳಿಸಿದ್ದೆನೆಂದು ಬಾಯಿತಪ್ಪಿ ಹೇಳಿದೆ. ಎಲ್ಲರೂ ಆ ಗುಂಡಿಯನ್ನೇ ಹಿಡಿದುಕೊಂಡರು. ರಿಮ್ ಸೊಟ್ಟಗಾಗಿದೆ ಎಂದರು, ಟೈರು ಉಬ್ಬಿದೆ ಎಂದರು, ಇಂಜಿನ್ ಕೂತಿರುವ ರಬ್ಬರು ಹರಿದಿದೆ ಎಂದರು. ಹಿಂದಿನ ಕಾಲದ ಪಂಡಿತರು ಓಡಾಡುವ ನೋವಿಗೆಲ್ಲ ವಾಯು ಎಂದು ಹೆಸರಿಡುತ್ತಿದ್ದರಂತೆ. ಟೈರಿನವರದೂ ಅದೇ ಪದ್ಧತಿ, ಅವರ ಅಂಗಡಿಯಲ್ಲಿ ವಾಯುವೂ ಸಿಗುತ್ತದೆ. ನಾನು ಎಲ್ಲವನ್ನೂ ಮಾಡಿಸಿದೆ. ಪ್ರತಿ ರಿಪೇರಿಯ ನಂತರವೂ ಒಂದು ದಿನ ನಡುಕ ಕಡಿಮೆಯಾದಂತೆ ತೋರುತ್ತಿತ್ತು. ಕಡಿಮೆಯಾದದ್ದು ಗಾಡಿಯದೋ ನನ್ನ ಅನುಮಾನದ್ದೋ ಹೇಳಲಾರೆ.

ಕೊನೆಗೆ ನಾನೇ ಒಂದು ನೋಟ್‌ಬುಕ್ ಹಿಡಿದೆ. ಯಾವ ವೇಗ, ಯಾವ ಗೇರು, ಏರೋ ಇಳಿಜಾರೋ, ಎಲ್ಲ ಬರೆದೆ. ಒಂದು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಅರವತ್ತಕ್ಕೆ ಹೋಗಿ ನ್ಯೂಟ್ರಲ್ ಮಾಡಿದೆ. ಇಂಜಿನ್ನಿನ ಸದ್ದಡಗಿತು, ನಡುಕ ಮಾತ್ರ ಹಾಗೇ ಇತ್ತು. ಅಂದರೆ ತಪ್ಪು ಇಂಜಿನ್ನಿನದಲ್ಲ, ಗಾಲಿಗಳ ಜೊತೆ ತಿರುಗುವ ಯಾವುದೋ ಒಂದರದು. ಮನೆಗೆ ಬಂದವನೇ ಸುನಂದಾಗೆ ಇಂಜಿನ್ ನಿರಪರಾಧಿ ಎಂದು ತೀರ್ಪು ಹೇಳಿದೆ.

"ಹುಳ ಅದನ್ನೆಲ್ಲ ಕೇಳಲ್ಲ ಕಣ್ರೀ," ಎಂದಳು.

ಹುಳು ಕೇಳಲಿಲ್ಲ, ಆದರೆ ಆವತಿಯ ಮುನಿಶಾಮಪ್ಪ ಕೇಳಿದರು. ಅವರು ನಮ್ಮಲ್ಲಿ ಪ್ರತಿ ಬೆಳೆಗೂ ಹುಳು ಕೊಳ್ಳುವ ರೈತರು, ಮಾತು ಮೆತ್ತಗೆ. ಆ ಸಲ ಟ್ರೇ ಮುಚ್ಚಳ ತೆಗೆದರೆ ಹುಳುಗಳೆಲ್ಲ ಸೊಪ್ಪಿನ ಸಮೇತ ಜಾರಿ ಒಂದು ಮೂಲೆಯಲ್ಲಿ ರಾಶಿಯಾಗಿದ್ದವು. ಅಡಿಯಲ್ಲಿದ್ದ ಎಷ್ಟೋ ನಲುಗಿ ಹೋಗಿದ್ದವು. ಮುನಿಶಾಮಪ್ಪ ಬೈಯಲಿಲ್ಲ, ಮಜ್ಜಿಗೆ ತರಿಸಿಕೊಟ್ಟರು. ಆಮೇಲೆ ನೆಲ ನೋಡಿಕೊಂಡು, "ಈ ಸಲ ಹುಳ ಯಾಕೋ ದಿಗಿಲು ಬಿದ್ದಂಗವೆ ಮೇಷ್ಟ್ರೇ," ಎಂದರು. ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟೆ.

ಸುನಂದಾ ಅಂದು ಸಂಜೆ ಜಗಳ ಮಾಡಲಿಲ್ಲ. ಮುಂದಿನ ಹುಳು ಗುರುವಾರ ಹೋಗಬೇಕು, ಅಷ್ಟರಲ್ಲಿ ಗಾಡಿ ಸರಿಹೋಗದಿದ್ದರೆ ತನ್ನ ತಮ್ಮನ ಟೆಂಪೋ ಬರಹೇಳುತ್ತೇನೆ ಎಂದಷ್ಟೇ ಹೇಳಿದಳು. "ನೀವು ಮನೇಲಿರಿ, ಪರವಾಗಿಲ್ಲ." ಸರ್ಕಾರ ನನ್ನನ್ನು ಹಾರ ಹಾಕಿ ಮನೆಗೆ ಕಳಿಸಿದಾಗ ಇಷ್ಟು ನೋವಾಗಿರಲಿಲ್ಲ. ವಯಸ್ಸಾಯಿತೆಂದು ಬಿಡಿಸಿದರೆ ಸಹಿಸಬಹುದು, ಕೆಲಸ ಬರುವುದಿಲ್ಲವೆಂದು ಬಿಡಿಸಿದರೆ ಹೇಗೆ?

ಹೊಸಕೋಟೆಯ ರಹಮತ್ ಸಾಬರು ನನ್ನ ಖಾಯಂ ಮೆಕ್ಯಾನಿಕ್ಕು. ನಡುಕ ಶುರುವಾದ ಮೇಲೆ ಮಗಳ ಮದುವೆಯ ಓಡಾಟದಲ್ಲಿ ತಿಂಗಳಿಡೀ ಶೆಡ್ಡು ಮುಚ್ಚಿದ್ದರು. ತೆರೆದ ದಿನವೇ ಹೋಗಿ ನೋಟ್‌ಬುಕ್ ಕೊಟ್ಟೆ. ಅವರು ಅದನ್ನು ಮರ್ಯಾದೆಯಿಂದ ಸೀಟಿನ ಮೇಲಿಟ್ಟು ಗಾಡಿಯ ಕೆಳಗೆ ತೂರಿದರು. ಫೋರ್ ವೀಲ್ ಗಾಡಿಯಲ್ಲಿ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ಎರಡು, ಹಿಂದಕ್ಕೊಂದು, ಮುಂದಕ್ಕೊಂದು. ಮುಂದಿನದನ್ನು ಬಿಚ್ಚಿ ಕೆಳಗಿಟ್ಟು, ಹಾಗೇ ಒಂದು ಸುತ್ತು ಹೋಗಿಬರೋಣ ಎಂದರು. ಹೋದೆವು. ಐವತ್ತೈದು, ಅರವತ್ತು, ಅರವತ್ತೈದು. ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ರಹಮತ್ ಸಾಬರಿಗೆ ಮಾತ್ರ ಆಗಲಿಲ್ಲ. ದಸರಾ ಆದ ವಾರದಲ್ಲಿ ಆ ಶಾಫ್ಟನ್ನು ಬಿಚ್ಚಿ, ಅದರ ತುದಿಯ ಕೀಲಿನಲ್ಲಿ ಸವೆದಿದ್ದ ಕ್ರಾಸ್ ಬದಲಿಸಿ, ಗ್ರೀಸು ತುಂಬಿ ಕೂಡಿಸಿದವರು ಅವರೇ. ಅದು ಒಂದರೊಳಗೊಂದು ಜಾರುವ ಎರಡು ತುಂಡು. ಬಿಚ್ಚಿದಾಗ ಹೇಗಿತ್ತೋ ಹಾಗೇ ಕೂಡಿಸಬೇಕು, ಕಾಲು ಸುತ್ತು ಆಚೀಚೆಯಾದರೂ ನಡುಕ ಬರುತ್ತದೆ. ಅದಕ್ಕೆ ಬಿಚ್ಚುವ ಮೊದಲೇ ಎರಡೂ ತುಂಡಿನ ಮೇಲೆ ಬಣ್ಣದ ಗುರುತು ಹಾಕುವುದು ಕಸುಬಿನ ರೂಢಿ. ನಾನು ಹೊಸದಾಗಿ ಹಾಕಲಿಲ್ಲ, ಹಿಂದಿನವರು ಯಾರೋ ಹಾಕಿದ್ದ ಕೆಂಪು ಗುರುತು ಇತ್ತಲ್ಲ, ಅದಕ್ಕೇ ಸರಿಯಾಗಿ ಕೂಡಿಸಿದ್ದೆ ಎಂದರು. ಶಾಫ್ಟಿನ ಧೂಳೊರೆಸಿ ತೋರಿಸಿದರು. ಎರಡು ಕೆಂಪು ಬೊಟ್ಟು, ಒಂದರ ಎದುರಿಗೆ ಒಂದು, ನೂಲು ಹಿಡಿದಂತೆ.

ನಾನು ಬಗ್ಗಿ ನೋಡಿದೆ. ಅದು ಬಣ್ಣವಾಗಿರಲಿಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮ. ಅದರಲ್ಲಿ ನನ್ನ ಉಂಗುರ ಬೆರಳಿನ ಗೆರೆಗಳು ಮೂಡಿದ್ದವು.

ಆಯುಧಪೂಜೆಯ ದಿನ ಎಲ್ಲರೂ ಬಾನೆಟ್ಟಿಗೂ ಸ್ಟೇರಿಂಗಿಗೂ ಬೊಟ್ಟಿಟ್ಟು ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಸುಮ್ಮನಾಗುತ್ತಾರೆ. ನಾನು ವಿಜ್ಞಾನದ ಮೇಷ್ಟ್ರು. ದುಡಿಯುವುದು ಬಾನೆಟ್ಟಲ್ಲ, ಕೆಳಗಿರುವ ಭಾಗಗಳು ಎಂದು ಚಾಪೆ ಹಾಸಿ ಮಲಗಿ, ಹೆಸರು ಗೊತ್ತಿದ್ದ ಪ್ರತಿಯೊಂದಕ್ಕೂ ಬೊಟ್ಟಿಟ್ಟಿದ್ದೆ. ಶಾಫ್ಟಿನ ಒಂದು ತುಂಡಿಗೆ ಕೆಳಗಿನಿಂದ, ಕೈ ನೋಯಿತೆಂದು ಇನ್ನೊಂದಕ್ಕೆ ಪಕ್ಕದಿಂದ. ಸರಿಯಾಗಿ ಕಾಲು ಸುತ್ತಿನ ಅಂತರ. ಆ ಬೊಟ್ಟುಗಳನ್ನು ಎದುರುಬದುರು ತಂದಾಗ ಶಾಫ್ಟೂ ಅಷ್ಟೇ ತಿರುಗಿ ಕೂತಿತ್ತು. ನಾಚಿಕೆಯಿಂದ ಇದನ್ನು ಹೇಳಿ ಮುಗಿಸಿದಾಗ ರಹಮತ್ ಸಾಬರು ನಗಲಿಲ್ಲ.

"ನೀವು ಭಕ್ತಿಯಿಂದ ಇಟ್ರಿ, ನಾನು ಕಸುಬಿಂದು ಅಂದ್ಕೊಂಡೆ ಮೇಷ್ಟ್ರೇ," ಎಂದರು. "ಇಬ್ರದೂ ನಂಬಿಕೇನೇ."

ಕಾಲು ಸುತ್ತು ತಿರುಗಿಸಿ ಕೂಡಿಸಿದರು. ನಡುಕ ಹೋಯಿತು.

ಗುರುವಾರ ಸುನಂದಾ ತಮ್ಮನಿಗೆ ಹೇಳಿ ಕಳಿಸಲಿಲ್ಲ. ಆದರೆ ತಾನೇ ನನ್ನ ಪಕ್ಕದಲ್ಲಿ ಬಂದು ಕೂತಳು, ಪರೀಕ್ಷಾ ಕೊಠಡಿಗೆ ಇನ್‌ಸ್ಪೆಕ್ಟರು ಬಂದ ಹಾಗೆ. ಐವತ್ತೈದಕ್ಕೆ ನಾನು ಉಸಿರು ಬಿಗಿಹಿಡಿದೆ. ಏನೂ ಆಗಲಿಲ್ಲ, ಆದರೂ ನಂಬಿಕೆ ಬರಲಿಲ್ಲ. ಆವತಿಯಲ್ಲಿ ಮುನಿಶಾಮಪ್ಪ ಮುಚ್ಚಳ ತೆಗೆದರು. ಹುಳುಗಳು ಇಟ್ಟಲ್ಲೇ ಸಮನಾಗಿ ಹರಡಿಕೊಂಡು, ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಅವರು ಟ್ರೇಗಳನ್ನು ಒಳಗೆ ಒಯ್ದರು.

ವಾಪಸು ಬರುವಾಗ ಸುನಂದಾ ಕೇಳಿದಳು, ಕೊನೆಗೆ ತಪ್ಪು ಏನಾಗಿತ್ತು ಎಂದು. ಶಾಫ್ಟನ್ನು ತಿರುಗಾಮುರುಗಾ ಕೂಡಿಸಲಾಗಿತ್ತು ಎಂದೆ. ಯಾರು ಕೂಡಿಸಿದ್ದು ಎಂದಳು. ರಹಮತ್ ಸಾಬರು ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

"ಹಂಗಾದ್ರೆ ಇನ್ಮೇಲೆ ಅವರ ಶೆಡ್ಡಿಗೆ ಹೋಗೋದು ಬೇಡ ಬಿಡಿ," ಎಂದಳು.

ದೇವನಹಳ್ಳಿ ಬಂತು. ನನ್ನ ಕೆಲಸ ಈಗತಾನೇ ಉಳಿದುಕೊಂಡಿತ್ತು. ಹೇಳಿದರೆ ಟೆಂಪೋ ಬರುತ್ತದೆ, ಹೇಳದಿದ್ದರೆ ಒಬ್ಬ ಒಳ್ಳೆಯ ಕೆಲಸಗಾರನ ಹೆಸರು ಹೋಗುತ್ತದೆ. ಐವತ್ತೈದರಲ್ಲಿ ಆಗದ ನಡುಕ ನಲವತ್ತರಲ್ಲೇ ಎದೆಯೊಳಗೆ ಶುರುವಾಯಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಚಾಪೆ, ಎಣ್ಣೆ, ಕುಂಕುಮ, ಉಂಗುರ ಬೆರಳು.

ಸುನಂದಾ ರಸ್ತೆಯ ಕಡೆಗೆ ಮುಖ ತಿರುಗಿಸಿದಳು. ಅವಳು ನಗು ತಡೆಯುತ್ತಿದ್ದಾಳೋ ಕೋಪ ತಡೆಯುತ್ತಿದ್ದಾಳೋ ಮೂವತ್ತು ವರ್ಷ ಜೊತೆಗಿದ್ದೂ ನನಗೆ ತಿಳಿಯಲಿಲ್ಲ.

"ಮುಂದಿನ ವರ್ಷದಿಂದ ಗಾಡಿ ಪೂಜೆ ನಾನು ಮಾಡ್ತೀನಿ," ಎಂದಳು ಕೊನೆಗೆ. "ನೀವು ಓಡ್ಸಿ, ಸಾಕು."

ನಾನು ತಲೆ ತಗ್ಗಿಸಿ ಗೇರು ಹಾಕಿದೆ. ಅವಳು ನನ್ನಿಂದ ಪೂಜೆಯನ್ನಷ್ಟೇ ಕಿತ್ತುಕೊಂಡಿದ್ದಾಳೆ, ಕೆಲಸವನ್ನು ಮುಂದಿನ ವರ್ಷಕ್ಕೂ ಖಾಯಂ ಮಾಡಿದ್ದಾಳೆ ಎಂಬುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಬೂದಿಗೆರೆ ಬಂದುಬಿಟ್ಟಿತ್ತು.