ಹುಳು ನೇಯ್ದ ಅತ್ತೆ

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ ಬಿಟ್ಟು ಬೇರೆ ಏನಕ್ಕಾದರೂ ಕಟ್ಟು ಹಾಕಿಸಲು ಬಂದವಳು ಶ್ವೇತ ಒಬ್ಬಳೇ. ಕಲೆಯ ವಿಷಯ ಈ ಅನಂತರಾಜುವಿಗೇಕೆ ಎಂದು ಕೇಳುವವರು ಕೇಳಿಕೊಳ್ಳಲಿ. ಬಲ್ಲವರು ಅವಳ ಬಗ್ಗೆ ಪೇಪರಿನಲ್ಲಿ ಬರೆದದ್ದನ್ನು ನಾನೂ ಓದಿದೆ. ಓದಿದಾಗಿನಿಂದ ಹೊಟ್ಟೆ ಉರಿಯುತ್ತಿದೆ.

ಶ್ವೇತ ಬೈರಾಪಟ್ಟಣದ ಸೊಸೆ. ಮೈಸೂರಿನಲ್ಲಿ ಚಿತ್ರಕಲೆ ಓದಿ ರೇಷ್ಮೆಹುಳು ಸಾಕುವ ಮನೆಗೆ ಬಂದವಳು. ಗಂಡ ಬಾಲರಾಜು ಒಳ್ಳೆಯವನು, ಅಂದರೆ ಯಾವುದಕ್ಕೂ ಅಡ್ಡ ಬರುವವನಲ್ಲ, ಯಾವುದಕ್ಕೂ ಒದಗುವವನೂ ಅಲ್ಲ. ಮನೆ ನಡೆಯುವುದೆಲ್ಲ ಅತ್ತೆ ದೊಡ್ಡಲಕ್ಷ್ಮಮ್ಮನ ಮಾತಿನ ಮೇಲೆ. ಹುಳುವಿಗೆ ವಾಸನೆ ಆಗುವುದಿಲ್ಲ. ಹುಳುಮನೆಯ ಹತ್ತಿರ ಬೀಡಿ ಹಚ್ಚಬಾರದು, ಸೆಂಟು ಪೂಸಿಕೊಂಡು ಹೋಗಬಾರದು. ಇನ್ನು ಪೇಂಟಿನ ಎಣ್ಣೆ ಡಬ್ಬಿ ತೆರೆದರೆ ಮುಗಿದೇ ಹೋಯಿತು. ಸೊಸೆ ತಂದಿದ್ದ ಬಣ್ಣದ ಪೆಟ್ಟಿಗೆಯನ್ನು ಅವಳು ಬಂದ ವಾರದಲ್ಲೇ ಅತ್ತೆ ಅಟ್ಟಕ್ಕೆ ಏರಿಸಿಬಿಟ್ಟಳು. ಹುಡುಗಿ ಜಗಳವಾಡಲಿಲ್ಲ. ಬಣ್ಣ ಬೇಡವಾದರೆ ಹುಳುವಿನಿಂದಲೇ ಬರೆಸುತ್ತೇನೆ ಎಂದು ಹಟ ಹಿಡಿದಳು.

ಮೇಯುವುದು ಮುಗಿಸಿ ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆ ತಟ್ಟಿಯ ಮೇಲೆ ಬಿಟ್ಟರೆ ಅದು ಸಂದು ಹಿಡಿದು ಗೂಡು ಕಟ್ಟುತ್ತದೆ. ಸಂದುಗೊಂದು ಇಲ್ಲದ ನುಣ್ಣನೆಯ ಹಲಗೆಯ ಮೇಲೆ ಬಿಟ್ಟರೆ ಪಾಪ ಅದೇನು ಮಾಡೀತು? ಅತ್ತಿತ್ತ ಹರಿದಾಡುತ್ತಾ ನೂಲು ಬಿಡುತ್ತದೆ, ಹಲಗೆಯಗಲಕ್ಕೂ ತೆಳ್ಳನೆಯ ಹಾಳೆಯಾಗುತ್ತದೆ. ಹೆಚ್ಚು ಹರಿದಾಡಿದ ಕಡೆ ದಪ್ಪ, ಕಡಿಮೆ ಹರಿದಾಡಿದ ಕಡೆ ತೆಳು. ಶ್ವೇತ ಹಲಗೆಯ ಪಕ್ಕ ಕೂತು, ಒಂದೊಂದೇ ಹುಳುವನ್ನು ಬೆರಳಲ್ಲಿ ಎತ್ತಿ ತನಗೆ ಬೇಕಾದ ಕಡೆ ಬಿಡುತ್ತಿದ್ದಳು. ಅದೇ ಅವಳ ಕುಂಚ. ಅತ್ತೆ ಗೊಣಗುತ್ತಲೇ, ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಹುಳುಗಳನ್ನು ಅವಳ ಪಾಲಿಗೆ ಬಿಟ್ಟಳು. "ಓಗ್ಲಿ ಬುಡು, ಮಕ್ಕ್ಳಿಲ್ದ ಹುಡ್ಗಿ, ಒಸಿ ಆಟ ಆಡ್ಕಳ್ಳಿ" ಎಂದಳಂತೆ. ಆ ಹೆಂಗಸಿನ ಪ್ರೀತಿಯೇ ಹಾಗೆ, ಚುಚ್ಚದೆ ಬರುವುದಿಲ್ಲ.

ಅವಳ ಸಣ್ಣ ಸಣ್ಣ ಹಾಳೆಗಳಿಗೆಲ್ಲ ನಾನೇ ಕಟ್ಟು ಹಾಕಿಕೊಟ್ಟೆ. ಅವು ಹೇಗೋ ಬೆಂಗಳೂರಿನ ಒಂದು ಗ್ಯಾಲರಿಯವರ ಕಣ್ಣಿಗೆ ಬಿದ್ದವು. ಪ್ರದರ್ಶನ ಮಾಡೋಣ, ದೊಡ್ಡದೊಂದು ಮಾಡಿ ಎಂದರು. ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಅವಳು ಬಾಗಿಲಷ್ಟು ದೊಡ್ಡ ಹಾಳೆಯೊಂದನ್ನು ಸುರುಳಿ ಸುತ್ತಿಕೊಂಡು ಅಳತೆ ಕೊಡಲು ಅಂಗಡಿಗೆ ಬಂದಳು. ನೋಡಿದರೆ ಏನೂ ಇಲ್ಲ, ಬರೀ ಹಳದಿ ಹಾಳೆ. "ಬೆಳಕಿಗೆ ಹಿಡೀರಿ ಅಣ್ಣ" ಎಂದಳು. ಬಾಗಿಲ ಬೆಳಕಿಗೆ ಹಿಡಿದೆ. ಅಯ್ಯೋ ಶಿವನೇ! ಮಗ್ಗುಲಾಗಿ ಮಲಗಿದ ಹೆಂಗಸು. ಕೆನ್ನೆಯಡಿ ಕೈ, ಮಡಿಸಿದ ಮೊಣಕಾಲು, ತಲೆಯ ಮೇಲೆ ಸೆರಗು. ಕಡೇ ಜ್ವರದಿಂದೆದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುಗಳು ಸೊಪ್ಪು ಮೇಯುವಾಗ ಹುಳುಮನೆಯಲ್ಲೇ ನೆಲದ ಮೇಲೆ ಒರಗುವ ದೊಡ್ಡಲಕ್ಷ್ಮಮ್ಮ!

"ಅತ್ತೆಗೆ ತೋರ್ಸಿದ್ಯೇನವ್ವ?" ಎಂದೆ.

"ಇಲ್ಲಣ್ಣ. ಬರೀ ಹಾಳೆ ಅಂದ್ಕೊಂಡವ್ರೆ. ಮಲಗ್ಸಿ ಬರ್ದಿದ್ದೀನಿ ಅಂದ್ರೆ ಸುಮ್ನಿರ್ತಾರಾ?"

ಅದೂ ನಿಜವೇ. ನಮ್ಮ ಕಡೆ ಬದುಕಿರುವವರನ್ನು ಮಲಗಿಸಿ ಚಿತ್ರ ಮಾಡುವುದಿಲ್ಲ, ಅದು ಹೆಣದ ಲೆಕ್ಕ.

"ಅಲ್ಲಿ ಗೋಡೆಗೆ ಹಾಕಿ ಹಿಂದೆ ಲೈಟ್ ಬಿಟ್ಮೇಲೆ ಕರ್ಕೊಂಡು ಹೋಗಿ ನಿಲ್ಲಿಸ್ತೀನಿ. ಅಷ್ಟು ಜನ ನೋಡ್ತಿದ್ರೆ ಬಯ್ಯಲ್ಲ. ಅವ್ರನ್ನ ಅವ್ರು ಒಂದ್ಸಲ ನೋಡ್ಬೇಕು ಅಣ್ಣ. ಅಷ್ಟೇ ನನ್ನಾಸೆ. ನನ್ನ ಕೈಲಿ ಏನಾಗುತ್ತೆ ಅಂತ ಆಗ ಗೊತ್ತಾಗುತ್ತೆ." ನಾನು ಮುಖ ತಿರುಗಿಸಿ ಅಳತೆ ಪಟ್ಟಿ ಹುಡುಕಿದೆ.

ಗ್ಯಾಲರಿಯವರು ಹಾಳೆಯನ್ನು ಒಯ್ಯಲು ಬರುವ ದಿನ ಬೆಳಿಗ್ಗೆ ಶ್ವೇತ ಹಾಳೆಯನ್ನು ಮನೆಯಲ್ಲೇ ಬಿಟ್ಟು ಕಟ್ಟಿಗಾಗಿ ನನ್ನಲ್ಲಿಗೆ ಬಂದಳು. ದೊಡ್ಡ ಕಟ್ಟು, ಒಬ್ಬಳ ಕೈಲಾಗದು ಎಂದು ಗೂಡ್ಸ್ ಆಟೋದಲ್ಲಿ ನಾನೂ ಹೊರಟೆ. ಹೋಗಿ ನೋಡಿದರೆ ಬಚ್ಚಲಿನ ಹಂಡೆ ಕೊತಕೊತ ಕುದಿಯುತ್ತಿದೆ. ದೊಡ್ಡಲಕ್ಷ್ಮಮ್ಮ ಸೆರಗು ಕಟ್ಟಿ ಕೋಲಿನಲ್ಲಿ ತಿರುವುತ್ತಿದ್ದಾಳೆ. ಸೊಸೆಯನ್ನು ಕಂಡು ಮುಖದ ತುಂಬ ನಗು.

"ಬಾ ಮಗ. ಹುಳ ಉಚ್ಚೆ ಉಯ್ದು ಎಷ್ಟು ಕಲೆ ಮಾಡಿದ್ವು ಅಂತೀಯ! ಬೆಂಗ್ಳೂರ್ ಜನದ ಮುಂದೆ ನಿಂಗೆ ಅವಮಾನ ಆಗಬಾರ್ದು ಅಂತ ಸೋಪು ಸೋಡಾ ಆಕಿ ಬೇಯ್ಸಿಬುಟ್ಟೆ. ನೋಡು, ಮಲ್ಲಿಗೆ ಊವಿನಂಗೆ ಬಂದೈತೆ."

ರೇಷ್ಮೆ ಬಟ್ಟೆಯಾದರೆ ಬರುತ್ತಿತ್ತು. ಇದು ನೇಯ್ದ ಬಟ್ಟೆಯೇ? ಹುಳುವಿನ ಅಂಟಿನಿಂದ ನಿಂತ ಹಾಳೆ. ಅಂಟು ನೀರಾಗಿ ಹೋಗಿತ್ತು. ಕೋಲಿನ ತುದಿಯಲ್ಲಿ ಒಂದು ಬಿಳಿ ಉಂಡೆ ಜೋತುಬಿದ್ದು ನೀರು ಸುರಿಸುತ್ತಿತ್ತು.

"ಅಕ್ಕಾ, ಏನ್ ಮಾಡ್ಬುಟ್ಟೆ" ಎಂದು ನಾನು ಬಾಯಿ ತೆರೆದೆ. ಶ್ವೇತ ನನ್ನ ಮುಂಗೈ ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು.

"ಚೆನ್ನಾಗೈತೆ ಅತ್ತೆ" ಎಂದಳು. ಅಷ್ಟು ಹೇಳಿ ಹುಳುಮನೆಯೊಳಗೆ ಹೋದವಳು ಕಾರಿನ ಹಾರ್ನ್ ಕೇಳುವವರೆಗೂ ಹೊರಗೆ ಬರಲಿಲ್ಲ.

ಕಾರಿನಲ್ಲಿ ಬಂದ ಗ್ಯಾಲರಿಯ ಪ್ರತಿಮಾ ಮೇಡಂ ತಟ್ಟೆಯಲ್ಲಿದ್ದ ಉಂಡೆಯನ್ನು ನೋಡಿದ್ದೇ ತಡ, ಎದೆಯ ಮೇಲೆ ಕೈಯಿಟ್ಟುಕೊಂಡಳು. ಫೋಟೋ ಮೇಲೆ ಫೋಟೋ.

"ಅದಲ್ಲ ಮೇಡಂ, ಅದು ಹಾಳಾಗಿರೋದು" ಎಂದಳು ಶ್ವೇತ, ಅತ್ತೆ ಕಾಫಿ ತರಲು ಒಳಗೆ ಹೋದದ್ದನ್ನು ನೋಡಿಕೊಂಡು.

"ಹಾಳಾಗಿರೋದೇ ಬ್ಯೂಟಿ ಶ್ವೇತ! ನಿಮ್ಮ ಸಣ್ಣ ಹಾಳೆಗಳು ಚೆನ್ನಾಗಿದ್ವು, ಆದ್ರೆ ಇದರಲ್ಲಿ ಲೈಫ್ ಇದೆ. ಇದನ್ನೇ ಇಡೋಣ."

ಥೂ! ನನ್ನ ಕಟ್ಟು ಗೋಡೆಗೆ ಒರಗಿ ನಿಂತಲ್ಲೇ ನಿಂತಿತು. ಉಂಡೆ ಕಾರು ಹತ್ತಿತು. ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿದರು. ನೋಡಿದವರು ಮೂಕರಾದರಂತೆ. ಅತ್ತೆ ಸೊಸೆ ಸೇರಿ ಸಂಪ್ರದಾಯವನ್ನೇ ಕುದಿಸಿಟ್ಟಿದ್ದಾರೆ ಎಂದು ಪೇಪರಿನಲ್ಲಿ ಬಂತು. ಆ ಹಂಡೆಯಲ್ಲಿ ಕುದ್ದು ಹೋದದ್ದು ಯಾರ ಚಿತ್ರ ಎಂದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳ ಬಾಯಿಗೆ ಅವಳೇ ಬೀಗ ಹಾಕಿಕೊಂಡಿದ್ದಳು, ಇನ್ನೊಬ್ಬನ ಬಾಯಿಗೂ ಅವಳೇ ಹಾಕಿದ್ದಳು.

ಮೊನ್ನೆ ದೊಡ್ಡಲಕ್ಷ್ಮಮ್ಮ ಸೊಸೆಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಕೈಯಲ್ಲಿ ಆ ಪೇಪರ್ ತುಂಡು. ಗಾಜಿನ ಪೆಟ್ಟಿಗೆಯ ಪಕ್ಕ ಇಬ್ಬರೂ ನಿಂತ ಫೋಟೋ.

"ಇದ್ಕೊಂದು ಕಟ್ಟು ಆಕ್ಕೊಡು ಕಣಪ್ಪ. ನಡುಮನೇಲಿ ನೇತಾಕ್ತೀನಿ. ನಾನು ಬೇಯ್ಸಿದ್ಕೇ ಇವ್ಳಿಗೆ ಎಸ್ರು ಬಂದಿದ್ದು" ಎಂದಳು. ಆಮೇಲೆ ದನಿ ತಗ್ಗಿಸಿ, "ಅದ್ರಲ್ಲಿ ಮೊದ್ಲು ಎಂತದೋ ಚಿತ್ರ ಇತ್ತಂತೆ? ಬಾಲರಾಜು ಅಂದ. ನಂಗೇನೂ ಕಾಣ್ನಿಲ್ಲ. ಏನಿತ್ತು?"

ನಾನು ಶ್ವೇತಳ ಮುಖ ನೋಡಿದೆ.

"ಏನೂ ಇರ್ಲಿಲ್ಲ ಅತ್ತೆ" ಎಂದಳು ಅವಳು.

ಮುದುಕಿ ನೆಮ್ಮದಿಯಾಗಿ ಎದುರಿನ ಅಂಗಡಿಗೆ ಪಾತ್ರೆ ನೋಡಲು ಹೋದಳು. ಬರುವ ತಿಂಗಳು ಗ್ಯಾಲರಿಯವರು ಮತ್ತೆ ಕರೆದಿದ್ದಾರಂತೆ. ಈ ಸಲ ಹಾಳೆಯನ್ನು ಅಲ್ಲೇ, ಜನರೆದುರಿಗೇ, ಅತ್ತೆಯ ಕೈಯಿಂದಲೇ ಬೇಯಿಸಬೇಕಂತೆ. ಅದಕ್ಕೆ ಹೊಸ ಹಂಡೆ.

"ಒಪ್ಕೊಂಡ್ಯಾ?" ನನಗೆ ಸಿಟ್ಟು ನೆತ್ತಿಗೇರಿತ್ತು. "ಮತ್ತೆ ಅಷ್ಟು ದೊಡ್ಡದು ನೇಯ್ಸಿ ಅದ್ನೂ ಬೇಯ್ಸಕ್ಕೆ ಕೊಡ್ತೀಯಾ?"

ಶ್ವೇತ ಪೇಪರ್ ತುಂಡಿನ ಮಡಿಕೆಯನ್ನು ಬೆರಳಲ್ಲಿ ತೀಡುತ್ತಿದ್ದಳು.

"ಹಾಳೆ ಆಗ್ಲೇ ಹಲಗೆ ಮೇಲೈತೆ ಅಣ್ಣ. ಹುಳ ಅವುಗಳ ಪಾಡಿಗೆ ಓಡಾಡ್ಕೊಂಡವೆ, ನಾನು ಮುಟ್ಟಿಲ್ಲ. ಈ ಸಲ ಅದ್ರೊಳಗೆ ಯಾರೂ ಇಲ್ಲ. ಎಷ್ಟು ಬೇಕಾದ್ರೂ ಬೇಯಿಸ್ಲಿ."